ಪಂಚಾಯಿತಿ ನಿಂಬೆ ತೋಟ: ಹಣ್ಣಿನ ಹರಾಜು ಬೇರೆ, ಮರದ ಆರೈಕೆ ಬೇರೆ

ಪ್ರಶ್ನೆ: ನಾನು ನಾಗಮಂಗಲ ತಾಲ್ಲೂಕಿನ ಒಂದು ಗ್ರಾಮ ಪಂಚಾಯಿತಿಯ ಸದಸ್ಯೆ. ನಮ್ಮ ಪಂಚಾಯಿತಿಗೆ ಎರಡು ಎಕರೆ ನಿಂಬೆ ತೋಟ ಇದೆ. ಏಳು ವರ್ಷದ ಹಿಂದೆ ನರೇಗಾದಲ್ಲಿ 220 ಗಿಡ ನೆಟ್ಟಿದ್ದು, ಈಗ 180 ಉಳಿದಿವೆ. ಪ್ರತಿ ವರ್ಷ ಹಣ್ಣನ್ನು ಹರಾಜು ಹಾಕುತ್ತೇವೆ. ಹಿಡಿದವರು ಹಣ್ಣು ಕಿತ್ತುಕೊಂಡು ಹೋಗುತ್ತಾರೆ, ಮರದ ಕಡೆ ತಿರುಗಿಯೂ ನೋಡುವುದಿಲ್ಲ. ಈ ಸಲ ಆರೈಕೆಗೂ ಟೆಂಡರ್ ಕರೆಯೋಣ ಅಂತ ಸಭೆಯಲ್ಲಿ ಮಾತು ಬಂತು. 'ಹಣ್ಣೂ ಅವನಿಗೇ, ಆರೈಕೆಯೂ ಅವನದೇ ಅಂದುಬಿಟ್ಟರೆ ಪಂಚಾಯಿತಿಗೆ ಖರ್ಚೇ ಇಲ್ಲ' ಅಂತ ಕೆಲವರು ಹೇಳುತ್ತಾರೆ. ಅಮೆರಿಕದ ಯಾವುದೋ ಊರಿನಲ್ಲಿ ನಗರಸಭೆಯೇ ಕಿತ್ತಳೆ ತೋಟ ಇಟ್ಟುಕೊಂಡು ಗುತ್ತಿಗೆಗೆ ಕೊಡುತ್ತದಂತೆ. ನಮಗೆ ಯಾವುದು ಸರಿ? ಕರಾರಿನಲ್ಲಿ ಏನೇನು ಬರೆಸಬೇಕು?

ಉತ್ತರ: ಮೇಡಂ, ಮೊದಲೇ ಹೇಳಿಬಿಡುತ್ತೇನೆ. ಒಂದು ವರ್ಷದ ಅವಧಿಗೆ ಹಣ್ಣು, ಆರೈಕೆ ಎರಡನ್ನೂ ಒಬ್ಬನಿಗೇ ಕೊಡಬೇಡಿ. ಖರ್ಚಿಲ್ಲ ಅನ್ನುವುದು ಬರೀ ಕಾಗದದ ಲೆಕ್ಕ. ನಿಂಬೆಗೆ ಈ ವರ್ಷ ಹಾಕಿದ ಗೊಬ್ಬರ, ತೆಗೆದ ಒಣಕೊಂಬೆ, ಬುಡಕ್ಕೆ ಬಳಿದ ಔಷಧಿ ಇವೆಲ್ಲದರ ಫಲ ಬಹುಪಾಲು ಕಾಣುವುದು ಮುಂದಿನ ವರ್ಷ. ಅಷ್ಟು ಹೊತ್ತಿಗೆ ಹರಾಜು ಇನ್ನೊಬ್ಬನ ಕೈಗೆ ಹೋಗಿರುತ್ತದೆ. ಇನ್ನೊಬ್ಬ ತಿನ್ನುವ ಹಣ್ಣಿಗೆ ಇವನ್ಯಾಕೆ ಗೊಬ್ಬರ ಹೊರುತ್ತಾನೆ? ನಿಮ್ಮ ಹರಾಜುದಾರರನ್ನು ಬೈದು ಪ್ರಯೋಜನ ಇಲ್ಲ. ನೀವು ಮಾರಿದ್ದು ಹಣ್ಣು, ಅವರು ಹಣ್ಣು ಒಯ್ದರು. ಮರವನ್ನು ನೋಡಿಕೊಳ್ಳುವ ಕೆಲಸವನ್ನು ನೀವು ಯಾರಿಗೂ ಕೊಟ್ಟಿರಲೇ ಇಲ್ಲ ಅಲ್ವಾ?

ಹಾಗಾಗಿ ನನ್ನ ಸಲಹೆ ಇಷ್ಟೇ: ಹಣ್ಣು ಮಾರಿದ ದುಡ್ಡು ಪಂಚಾಯಿತಿ ಖಾತೆಗೆ ಬರಲಿ, ಆರೈಕೆಯ ದುಡ್ಡು ಖಾತೆಯಿಂದ ಬೇರೆಯಾಗಿ ಹೋಗಲಿ. ಆರೈಕೆಯ ಕೂಲಿ ಮರದ ಸ್ಥಿತಿ ನೋಡಿ ಸಿಗಬೇಕು. ಎಷ್ಟು ಸಲ ಬಂದ, ಎಷ್ಟು ಫೋಟೊ ಕಳಿಸಿದ ಅನ್ನುವುದರ ಮೇಲೆ ಅಲ್ಲ. ಎರಡನ್ನೂ ಒಟ್ಟಿಗೆ ಕೊಡದೆ ವಿಧಿಯೇ ಇಲ್ಲ ಅನ್ನುವುದಾದರೆ ಮೂರು ವರ್ಷಕ್ಕೆ ಕೊಡಿ. ಭದ್ರತಾ ಠೇವಣಿಯನ್ನು ಕೊನೆಯ ದಿನ ಮರ ಎಣಿಸಿ ನೋಡಿದ ಮೇಲೇ ವಾಪಸ್ ಮಾಡಿ. ಅಷ್ಟು ದೀರ್ಘ ಅವಧಿಗೆ ಕೊಡುವ ಮುಂಚೆ ತಾಲ್ಲೂಕು ಪಂಚಾಯಿತಿಯ ಕಾರ್ಯನಿರ್ವಾಹಕ ಅಧಿಕಾರಿ (ಇಒ) ಅವರಿಂದ ಬರವಣಿಗೆಯಲ್ಲಿ ಒಪ್ಪಿಗೆ ತೆಗೆದುಕೊಳ್ಳಿ.

ಟೆಂಡರ್ ಕರೆಯುವ ಮುಂಚೆ ಪಹಣಿ ತೆಗೆಸಿ ನೋಡಿ. 9ನೇ ಕಾಲಂನಲ್ಲಿ ಯಾರ ಹೆಸರಿದೆ, 11ರಲ್ಲಿ ಏನು ಬರೆದಿದೆ? 'ಪಂಚಾಯಿತಿ ತೋಟ' ಅಂತ ಊರೆಲ್ಲ ಕರೆಯುವ ಎಷ್ಟೋ ಜಾಗ ಪಹಣಿಯಲ್ಲಿ ಗೋಮಾಳ ಅಂತಲೋ ಸರ್ಕಾರಿ ಶಾಲೆ ಅಂತಲೋ ಇರುತ್ತದೆ. ಗೋಮಾಳ ಆಗಿದ್ದರೆ ತಹಶೀಲ್ದಾರರ ಕಚೇರಿಗೆ ಒಂದು ಪತ್ರ ಬರೆದು ಒಪ್ಪಿಗೆ ಪಡೆಯುವುದು ಕ್ಷೇಮ. ಇಲ್ಲದಿದ್ದರೆ ಟೆಂಡರ್ ಸಿಗದವನೇ ಮೊದಲು ಅರ್ಜಿ ಹಾಕುತ್ತಾನೆ, ತೋಟ ಒಣಗುವವರೆಗೂ ಫೈಲು ಓಡಾಡುತ್ತದೆ.

ಕಾನೂನಿನ ಮಾತು ಜಾಸ್ತಿ ಎಳೆಯುವುದಿಲ್ಲ. ರಾಜ್ಯದಲ್ಲಿ ಸರ್ಕಾರಿ ದುಡ್ಡಿನ ಖರೀದಿ, ಕೆಲಸ ಎಲ್ಲಕ್ಕೂ 1999ರ ಪಾರದರ್ಶಕತೆ ಕಾಯ್ದೆ ಇದೆ. ಕೆಟಿಪಿಪಿ ಅಂತ ಕಚೇರಿಗಳಲ್ಲಿ ಕರೆಯುತ್ತಾರೆ. ಇಂತಿಷ್ಟು ಮೊತ್ತದೊಳಗಿನ ಕೆಲಸಕ್ಕೆ ಟೆಂಡರ್ ಬೇಡ, ದರಪಟ್ಟಿ ಸಾಕು ಅನ್ನುವ ವಿನಾಯಿತಿ ಅದರಲ್ಲಿದೆ. ಆ ಮಿತಿಯನ್ನು ಸರ್ಕಾರ ಆಗಾಗ ಬದಲಿಸುತ್ತದೆ. ನಿಮ್ಮ ಪಿಡಿಒ ತಾಲ್ಲೂಕು ಪಂಚಾಯಿತಿಯ ಲೆಕ್ಕ ಶಾಖೆಯಲ್ಲಿ ಈಗಿನ ಮೊತ್ತ ಕೇಳಿಕೊಂಡು ಫೈಲಿನಲ್ಲಿ ಬರೆದಿಡಲಿ. ಮಿತಿಯೊಳಗೆ ತರಬೇಕು ಅಂತ ಒಂದೇ ವರ್ಷದ ಆರೈಕೆಯನ್ನು ಕಳೆಗೊಂದು, ಗೊಬ್ಬರಕ್ಕೊಂದು, ಔಷಧಿಗೊಂದು ಅಂತ ತುಂಡು ಮಾಡಬೇಡಿ. ಆಡಿಟ್‌ನವರ ಕಣ್ಣು ಮೊದಲು ಬೀಳುವುದೇ ಅಲ್ಲಿ. ಇನ್ನೊಂದು ಮಾತು, ಹೇಳಲು ಸಂಕೋಚ ಆದರೂ ಹೇಳಬೇಕು. ಸದಸ್ಯರಾದವರು ನೇರವಾಗಿಯೋ ಪಾಲುದಾರರ ಮೂಲಕವೋ ಪಂಚಾಯಿತಿ ಗುತ್ತಿಗೆಯಲ್ಲಿ ಲಾಭ ಇಟ್ಟುಕೊಂಡರೆ 1993ರ ಪಂಚಾಯತ್ ರಾಜ್ ಕಾಯ್ದೆಯ ಪ್ರಕಾರ ಸದಸ್ಯತ್ವಕ್ಕೇ ಕುತ್ತು. 'ಟೆಂಡರ್ ಯಾಕೆ, ನಮ್ಮ ಹುಡುಗನೇ ನೋಡಿಕೊಳ್ಳುತ್ತಾನೆ ಬಿಡಿ' ಅಂತ ಸಭೆಯಲ್ಲಿ ಯಾರಾದರೂ ಅಂದರೆ ಇದನ್ನು ನೆನಪಿಸಿ.

ನೀವು ಕೇಳಿರುವ ಅಮೆರಿಕದ ಊರು ಬಹುಶಃ ಕ್ಯಾಲಿಫೋರ್ನಿಯಾದ ರೆಡ್‌ಲ್ಯಾಂಡ್ಸ್. ಒಂದು ಕಾಲಕ್ಕೆ ಅದು ನೇವಲ್ ಅನ್ನುವ ಬೀಜವಿಲ್ಲದ ಕಿತ್ತಳೆಯ ಸೀಮೆ. ಆಮೇಲೆ ತೋಟಗಳೆಲ್ಲ ಸೈಟಾಗಿ, ಮನೆ ಎದ್ದವು. ಊರಿನ ಹಳೇ ಚಹರೆ ಸ್ವಲ್ಪವಾದರೂ ಉಳಿಯಲಿ ಅಂತ ನಗರಾಡಳಿತವೇ ನೂರಕ್ಕೂ ಹೆಚ್ಚು ಎಕರೆ ತೋಟ ಇಟ್ಟುಕೊಂಡಿದೆ, ಆರೈಕೆಯನ್ನು ತೋಟದ ಕೆಲಸ ಗೊತ್ತಿರುವ ಗುತ್ತಿಗೆದಾರರಿಗೆ ಕೊಡುತ್ತದೆ. ಪಕ್ಕದ ರಿವರ್‌ಸೈಡ್ ನಗರದಲ್ಲಿ 1870ರ ದಶಕದ ಒಂದು ನೇವಲ್ ಕಿತ್ತಳೆ ಮರ ಇವತ್ತಿಗೂ ಇದೆ. ಆ ನಾಡಿನ ನೇವಲ್ ತೋಟಗಳಿಗೆಲ್ಲ ತಾಯಿಮರ ಅದು. ರೋಗ ಹೊತ್ತು ತರುವ ಕೀಟ ಬರದಿರಲಿ ಅಂತ ಅದಕ್ಕೆ ಪರದೆಯ ಗೂಡನ್ನೇ ಕಟ್ಟಿದ್ದಾರೆ.

ಅಲ್ಲಿಂದ ನಾವು ಕಲಿಯಬೇಕಾದ್ದು ರೋಗದ ಷರತ್ತು. 2024ರ ಆರಂಭದಲ್ಲಿ ರೆಡ್‌ಲ್ಯಾಂಡ್ಸ್‌ನಲ್ಲಿ ಹಣ್ಣುನೊಣ ಕಾಣಿಸಿಕೊಂಡಾಗ ರಾಜ್ಯದ ಕೃಷಿ ಇಲಾಖೆಯವರು ಎರಡು ಸಾವಿರಕ್ಕೂ ಹೆಚ್ಚು ಮನೆಗಳ ಹಿತ್ತಿಲಿನ ಹಣ್ಣನ್ನು ಕಿತ್ತು ಸಾಗಿಸಿದರು. ನಮ್ಮಲ್ಲಿ ಅಷ್ಟು ಬಿಗಿ ಇಲ್ಲ, ಆದರೆ ರೋಗಗಳು ಇವೆ. ಕೊಡಗಿನ ಕಿತ್ತಳೆ ಸೊರಗಿದ್ದಕ್ಕೆ ಹಸಿರು ರೋಗವೂ ಒಂದು ಕಾರಣ. ಎಲೆಯ ಒಂದು ಪಕ್ಕ ಒಂದು ತರಹ, ಇನ್ನೊಂದು ಪಕ್ಕ ಇನ್ನೊಂದು ತರಹ ಹಳದಿ ಮಚ್ಚೆ ಬಂದರೆ ಅನುಮಾನ ಪಡಬೇಕು. ಇದಕ್ಕೆ ಮದ್ದಿಲ್ಲ. ಅಂಥ ಮರ ಕಂಡ ಒಂದು ವಾರದೊಳಗೆ ಗುತ್ತಿಗೆದಾರ ಪಂಚಾಯಿತಿಗೆ ತಿಳಿಸಬೇಕು, ಪಂಚಾಯಿತಿ ತೋಟಗಾರಿಕೆ ಇಲಾಖೆಯವರನ್ನು ಕರೆಸಬೇಕು, ತಿಳಿಸಿದ್ದಕ್ಕೆ ಆ ಮರದ ಕೂಲಿ ಕಡಿಯಬಾರದು ಅಂತ ಕರಾರಿನಲ್ಲಿ ಬರೆಯಿರಿ. ಕೊನೆಯ ಮಾತು ಮುಖ್ಯ. ಕೂಲಿ ಹೋಗುತ್ತದೆ ಅಂದರೆ ಯಾರೂ ರೋಗ ಹೇಳುವುದಿಲ್ಲ.

ಇನ್ನು ಕೆಲಸದ ವಿವರಕ್ಕೆ ಬರೋಣ. ನಾನು ನೋಡಿದ ಹೆಚ್ಚಿನ ಅಂದಾಜುಪಟ್ಟಿಗಳಲ್ಲಿ 'ಕಳೆ ತೆಗೆದು, ಪಾತಿ ಮಾಡಿ, ಗೊಬ್ಬರ ಹಾಕಿ, ನೀರುಣಿಸಿ ನಿರ್ವಹಣೆ ಮಾಡುವುದು' ಅಂತ ಒಂದೇ ಸಾಲು ಇರುತ್ತದೆ. ಕಡಿಮೆ ದರ ಹಾಕಿದವನಿಗೆ ಕೆಲಸ ಹೋಗುತ್ತದೆ. ಅವನ ಹತ್ತಿರ ಟ್ರ್ಯಾಕ್ಟರ್ ಇರುತ್ತದೆ. ಸಾಲಿನ ನಡುವೆ ರೋಟವೇಟರ್ ಹೊಡೆದರೆ ಅರ್ಧ ದಿನದಲ್ಲಿ ಎರಡು ಎಕರೆ ಚೊಕ್ಕ. ನೋಡುವುದಕ್ಕೆ ಚೆನ್ನಾಗಿದೆ, ಬಿಲ್ಲೂ ಆಗುತ್ತದೆ. ಆದರೆ ನಿಂಬೆಯ ಆಹಾರ ಹೀರುವ ಸಣ್ಣ ಬೇರೆಲ್ಲ ಮೇಲಿನ ಎರಡು ಅಡಿ ಮಣ್ಣಿನಲ್ಲೇ ಹರಡಿರುತ್ತದೆ. ರೋಟವೇಟರ್ ಅದನ್ನೇ ಕತ್ತರಿಸಿ ಹಾಕುತ್ತದೆ. ಮರದ ನೆರಳು ಬೀಳುವ ಜಾಗದೊಳಗೆ ಯಂತ್ರ ಬರಬಾರದು, ಅಲ್ಲಿ ಕುಡುಗೋಲು, ಗುದ್ದಲಿಯಲ್ಲಿ ಮೇಲು ಮೇಲಿನ ಅಗತೆ ಮಾತ್ರ ಅಂತ ಬರೆಸಿ. ಕಳೆನಾಶಕ ಹೊಡೆಯುವುದನ್ನೂ ಅಲ್ಲಿ ಬಿಡಿಸಿ.

ಪಾತಿಯ ವಿಷಯ ಸ್ವಲ್ಪ ಬಿಡಿಸಿ ಹೇಳುತ್ತೇನೆ, ಯಾಕೆಂದರೆ ಮರ ಹೆಚ್ಚು ಸಾಯುವುದು ಇಲ್ಲೇ. ಗುತ್ತಿಗೆದಾರರಿಗೆ ಬುಡಕ್ಕೆ ಮಣ್ಣು ಏರಿಸಿ ದುಂಡಗೆ ಗುಡ್ಡೆ ಮಾಡುವುದು ಬಹಳ ಇಷ್ಟ. ಮೇಲೆ ಸ್ವಲ್ಪ ಕೆಮ್ಮಣ್ಣು ಎಳೆದರೆ ಜಿಪಿಎಸ್ ಫೋಟೊದಲ್ಲಿ ಅಂದವಾಗಿ ಕಾಣುತ್ತದೆ. ನಿಂಬೆ ಜಾತಿಗೆ ಇದು ವಿಷ. ಕಾಂಡದ ತೊಗಟೆಗೆ ಸದಾ ಹಸಿ ಮಣ್ಣೋ ನೀರೋ ತಾಗುತ್ತಿದ್ದರೆ ಮಣ್ಣಿನ ಶಿಲೀಂಧ್ರ ಹತ್ತುತ್ತದೆ. ತೊಗಟೆ ಸೀಳಿ ಜೇನಿನ ಬಣ್ಣದ ಅಂಟು ಸೋರುತ್ತದೆ, ಮೇಲೆ ಎಲೆ ಹಳದಿಯಾಗುತ್ತದೆ, ಒಂದೆರಡು ವರ್ಷದಲ್ಲಿ ಮರ ಹೋಗುತ್ತದೆ. ಸರಿಯಾದ ಪಾತಿಗೆ ಎರಡು ಸುತ್ತು ಬದು ಇರುತ್ತದೆ. ಕಾಂಡದ ಸುತ್ತ ಒಂದೂವರೆ ಅಡಿ ದೂರದಲ್ಲಿ ಒಳಬದು, ನೆರಳಿನ ಅಂಚಿನಲ್ಲಿ ಹೊರಬದು, ನೀರು ಇವೆರಡರ ನಡುವೆ ಮಾತ್ರ. ಕಾಂಡದ ಬುಡ ಒಣಗಿ, ಬೇರು ಶುರುವಾಗುವ ಜಾಗ ಕಣ್ಣಿಗೆ ಕಾಣುವಂತಿರಬೇಕು. ನಿಮ್ಮ ತೋಟದಲ್ಲಿ ಹೋದ 40 ಗಿಡಗಳಲ್ಲಿ ಎಷ್ಟು ತಗ್ಗಿನ ಕಡೆಯವು ಅಂತ ಒಮ್ಮೆ ಎಣಿಸಿ ನೋಡಿ. ಬಹುಪಾಲು ಅಲ್ಲಿದ್ದರೆ ಕಾರಣ ಇದೇ. ಸೆಪ್ಟೆಂಬರ್ ಬರುವುದರೊಳಗೆ ಅಲ್ಲಿ ಬಸಿಗಾಲುವೆ ತೆಗೆಯುವುದನ್ನೂ ಕೆಲಸದ ಪಟ್ಟಿಗೆ ಸೇರಿಸಿ. ಮಂಡ್ಯ ಮೈಸೂರು ಕಡೆ ಜೋರು ಮಳೆ ಬರುವುದೇ ಸೆಪ್ಟೆಂಬರ್, ಅಕ್ಟೋಬರಿನಲ್ಲಿ.

ಬುಡಕ್ಕೆ ಬೋರ್ಡೊ ಮುಲಾಮು ವರ್ಷಕ್ಕೆ ಎರಡು ಸಲ, ಮುಂಗಾರಿಗೆ ಮುಂಚೆ ಒಂದು, ಹಿಂಗಾರು ಮುಗಿದ ಮೇಲೆ ಒಂದು. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ಹತ್ತು ಲೀಟರ್ ನೀರು. ನೆಲದಿಂದ ಎರಡು ಮೂರು ಅಡಿ ಎತ್ತರದವರೆಗೆ ಬಳಿಯಬೇಕು. ಎಲೆಗೆ ಸಿಂಪಡಿಸುವ ದ್ರಾವಣಕ್ಕಾದರೆ ಅಷ್ಟೇ ಮೈಲುತುತ್ತ, ಅಷ್ಟೇ ಸುಣ್ಣ, ನೀರು ನೂರು ಲೀಟರ್. ಪ್ಲಾಸ್ಟಿಕ್ ಡ್ರಮ್ಮಿನಲ್ಲೇ ಕಲಸಬೇಕು, ಕಬ್ಬಿಣದ ಪಾತ್ರೆ ಬೇಡ. ಎರಡನ್ನೂ ಬೇರೆ ಬೇರೆ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ನಿಧಾನವಾಗಿ ಹೊಯ್ಯಬೇಕು. ಬಣ್ಣ ಆಕಾಶನೀಲಿ ಬರುತ್ತದೆ. ಆ ದಿನ ನೀವೇ ಹೋಗಿ ಒಂದು ಪರೀಕ್ಷೆ ಮಾಡಿ. ಹೊಳಪಿರುವ ಬ್ಲೇಡ್ ಅಥವಾ ಚಾಕುವನ್ನು ಒಂದು ನಿಮಿಷ ಅದರಲ್ಲಿ ಅದ್ದಿ ತೆಗೆಯಿರಿ. ಕೆಂಪಗೆ ತುಕ್ಕಿನಂಥ ಲೇಪ ಹತ್ತಿದರೆ ಸುಣ್ಣ ಸಾಲದು, ಹಾಗೇ ಹೊಡೆದರೆ ಎಲೆ ಸುಡುತ್ತದೆ. ಎಷ್ಟೇ ಹಳೇ ಗುತ್ತಿಗೆದಾರನಾದರೂ ಸದಸ್ಯೆಯೊಬ್ಬರು ಬ್ಲೇಡ್ ಹಿಡಿದು ಡ್ರಮ್ಮಿನ ಹತ್ತಿರ ನಿಂತರೆ ಕೆಲಸದ ಧಾಟಿಯೇ ಬದಲಾಗುತ್ತದೆ.

ಕೊಂಬೆ ಸವರುವುದಕ್ಕೆ ಮಿತಿ ಹಾಕಿ. ಕರೆಂಟ್ ತಂತಿಗೆ ಅಡ್ಡ ಬಂದ ಮರ ಬೋಳಿಸಿದ ಹಾಗೆ ನಿಂಬೆಯನ್ನು ಬೋಳಿಸಿದರೆ ಒಂದು ವರ್ಷದ ಹಣ್ಣು ಮರೆತುಬಿಡಿ. ಒಣಕೊಂಬೆ, ರೋಗದ ಕೊಂಬೆ, ಬುಡದಿಂದ ನೆಟ್ಟಗೆ ಏಳುವ ನೀರು ಚಿಗುರು, ಕೊಂಬೆಗೆ ಅಂಟಿಕೊಂಡು ಮರದ ಸಾರ ಹೀರುವ ಬದನಿಕೆ ಗಿಡ ಇಷ್ಟೇ ತೆಗೆಯುವುದು. ಬದನಿಕೆಯನ್ನು ಹೂ ಬಿಡುವ ಮುಂಚೆ, ಅದು ಕಚ್ಚಿರುವ ಕೊಂಬೆಯ ಸಮೇತ ತೆಗೆಯಬೇಕು. ಹಣ್ಣಾಯಿತೋ, ಹಕ್ಕಿಗಳು ಇಡೀ ತೋಟಕ್ಕೆ ಹಂಚುತ್ತವೆ. ಕತ್ತರಿಸಿದ ಗಾಯಕ್ಕೆ ಅದೇ ಮುಲಾಮು. ಹೊಸ ಚಿಗುರು ಬಂದಾಗ ರಂಗೋಲಿ ಹುಳು ಎಲೆಯೊಳಗೆ ಗೀಚುತ್ತದೆ, ಆ ಗಾಯದಲ್ಲಿ ಕಜ್ಜಿ ರೋಗ ಹೊಕ್ಕುತ್ತದೆ, ಮಳೆ ಹನಿ ಸಿಡಿದು ಮರದಿಂದ ಮರಕ್ಕೆ ಹರಡುತ್ತದೆ. ಕಜ್ಜಿಯಾದ ಹಣ್ಣಿಗೆ ಮಾರ್ಕೆಟ್‌ನಲ್ಲಿ ರೇಟಿಲ್ಲ. ಹಾಗಾಗಿ ಸಿಂಪಡಣೆಯನ್ನು ತಾರೀಖಿನ ಲೆಕ್ಕದಲ್ಲಿ ಬರೆಯಬೇಡಿ, ಚಿಗುರಿನ ಲೆಕ್ಕದಲ್ಲಿ ಬರೆಯಿರಿ. ಯಾವ ಔಷಧಿ ಅನ್ನುವುದನ್ನು ತೋಟಗಾರಿಕೆ ಇಲಾಖೆಯ ಸಹಾಯಕ ಅಧಿಕಾರಿ ಚೀಟಿ ಬರೆದುಕೊಡಲಿ. ಅಂಗಡಿಯವನು ಕೊಟ್ಟಿದ್ದು ಬೇಡ.

ದರ ಹೇಗೆ ಕಟ್ಟುವುದು? ನಿಮ್ಮ 180 ಮರಕ್ಕೆ ನನ್ನ ಅಂದಾಜು ಹೇಳುತ್ತೇನೆ. ಒಬ್ಬ ಆಳು ದಿನಕ್ಕೆ 20 ಪಾತಿ ಮಾಡಿದರೆ ಒಂದು ಸುತ್ತಿಗೆ 9 ಆಳು, ವರ್ಷಕ್ಕೆ ನಾಲ್ಕು ಸುತ್ತು ಅಂದರೆ 36. ಸಿಂಪಡಣೆ, ಮುಲಾಮು ಸೇರಿ 12. ಗೊಬ್ಬರ ಹೊತ್ತು ಹಾಕಲು 10, ಕೊಂಬೆ ಕೆಲಸಕ್ಕೆ 10. ಬೇಸಿಗೆಯ 16 ವಾರ ವಾರಕ್ಕೆ ಎರಡು ಆಳು ನೀರಿಗೆ ಅಂದರೆ 32. ಒಟ್ಟು ನೂರು ಆಳು. ನಿಮ್ಮೂರಿನ ಕೂಲಿಯಿಂದ ಗುಣಿಸಿ, ಕನಿಷ್ಠ ವೇತನಕ್ಕಿಂತ ಕೆಳಗೆ ಇಳಿಯದ ಹಾಗೆ ನೋಡಿಕೊಳ್ಳಿ. ಮರಕ್ಕೆ 25 ಕೆಜಿ ಲೆಕ್ಕದಲ್ಲಿ ನಾಲ್ಕೂವರೆ ಟನ್ ಕೊಟ್ಟಿಗೆ ಗೊಬ್ಬರ, ಮೈಲುತುತ್ತ, ಸುಣ್ಣ, ಔಷಧಿ ಸೇರಿಸಿ. ಬಂದ ಮೊತ್ತವನ್ನು 180ರಿಂದ, ಆಮೇಲೆ ನಾಲ್ಕರಿಂದ ಭಾಗಿಸಿದರೆ ಒಂದು ಮರಕ್ಕೆ ಮೂರು ತಿಂಗಳ ದರ ಸಿಗುತ್ತದೆ. ಈ ಅಂದಾಜಿನ ಅರ್ಧಕ್ಕೆ ಯಾರಾದರೂ ಟೆಂಡರ್ ಹಾಕಿದರೆ ಖುಷಿಪಡಬೇಡಿ. ಅವನು ಟ್ರ್ಯಾಕ್ಟರ್ ನೆಚ್ಚಿಕೊಂಡಿದ್ದಾನೆ ಅಂತ ತಿಳಿಯಿರಿ. ಯಾವ ಲೆಕ್ಕದಲ್ಲಿ ಅಷ್ಟಕ್ಕೆ ಮಾಡುತ್ತೀಯ ಅಂತ ಬರವಣಿಗೆಯಲ್ಲಿ ಕೇಳಿ.

ಬಿಲ್ ಮಾಡುವ ದಿನ 180 ಮರವನ್ನೂ ನೋಡುವುದು ಆಗದ ಮಾತು. ಮರಕ್ಕೆ ಮೊಳೆ ಹೊಡೆದು ನಂಬರ್ ಹಾಕುವುದೂ ಬೇಡ. ಮೂರನೇ ಸಾಲು ಏಳನೇ ಮರ ಅಂತ ನಕ್ಷೆ ಬರೆದಿಟ್ಟುಕೊಂಡರೆ ಸಾಕು. ಎಲ್ಲರ ಎದುರು 20 ಚೀಟಿ ಎತ್ತಿ, ಆ 20 ಮರ ನೋಡಿ. ಬುಡ ತೆರೆದಿದೆಯಾ, ಮುಲಾಮು ಕಾಣುತ್ತದಾ, ಒಣಕೊಂಬೆ ಉಳಿದಿದೆಯಾ, ಬದನಿಕೆ ಇದೆಯಾ, ಪಾತಿಯಲ್ಲಿ ಕಳೆ ಎಷ್ಟು? ಇಪ್ಪತ್ತರಲ್ಲಿ 18 ಸರಿ ಇದ್ದರೆ ಪೂರ್ತಿ ದುಡ್ಡು ಕೊಡಿ. ಅದಕ್ಕಿಂತ ಕಡಿಮೆ ಆದರೆ ಎಷ್ಟು ಸರಿ ಇವೆಯೋ ಅಷ್ಟರ ಲೆಕ್ಕ. ಇದನ್ನು ಟೆಂಡರ್ ಕಾಗದದಲ್ಲೇ ಮೊದಲೇ ಬರೆದಿರಬೇಕು, ಆಮೇಲೆ ಸೇರಿಸಿದರೆ ಜಗಳ. ನೋಡುವವರಲ್ಲಿ ನಿಮ್ಮ ನೀರುಗಂಟಿಯೂ ಇರಲಿ. ಬೋರ್‌ವೆಲ್ ಎಷ್ಟು ದಿನ ಓಡಿತು ಅಂತ ಅವರಿಗಷ್ಟೇ ಗೊತ್ತಿರುತ್ತದೆ. ಇನ್ನೊಂದು: ಮೋಟಾರ್ ಕೆಟ್ಟರೆ ರಿಪೇರಿ ಯಾರದು ಅಂತ ಬರೆಸಿ. ನೀರು ಪಂಚಾಯಿತಿಯ ಹೊಣೆ ಆಗಿದ್ದು, ಮೋಟಾರ್ ಒಂದು ತಿಂಗಳು ಕೆಟ್ಟು ನಿಂತರೆ ಒಣಗಿದ ಮರಕ್ಕೆ ಗುತ್ತಿಗೆದಾರನನ್ನು ಹಿಡಿಯಲು ಆಗುವುದಿಲ್ಲ.

ನರೇಗಾ ದುಡ್ಡನ್ನೇ ಇದಕ್ಕೆ ಬಳಸೋಣ ಅಂತ ಯಾರಾದರೂ ಅಂದರೆ ಒಂದು ಮಾತು ನೆನಪಿರಲಿ. ನರೇಗಾ ಕಾಯ್ದೆಯಲ್ಲಿ ಗುತ್ತಿಗೆದಾರರಿಗೆ ಜಾಗವೇ ಇರಲಿಲ್ಲ, ಕೂಲಿ ನೇರ ಕೆಲಸಗಾರರ ಖಾತೆಗೇ ಹೋಗಬೇಕಿತ್ತು. ಆರೈಕೆಯ ಗುತ್ತಿಗೆ ಪಂಚಾಯಿತಿಯ ಸ್ವಂತ ವರಮಾನದಿಂದ ಆಗಬೇಕಾದ ಕೆಲಸ.

ಗುತ್ತಿಗೆದಾರನೇ ಯಾಕೆ ಬೇಕು ಅಂತಲೂ ಯೋಚಿಸಿ. ಕಸ ವಿಲೇವಾರಿಯನ್ನು ಎಷ್ಟೋ ಪಂಚಾಯಿತಿಗಳು ಸ್ವಸಹಾಯ ಸಂಘಗಳ ಸಂಜೀವಿನಿ ಒಕ್ಕೂಟದ ಮಹಿಳೆಯರಿಗೆ ಒಡಂಬಡಿಕೆ ಮಾಡಿ ವಹಿಸಿವೆ. ಎರಡು ಎಕರೆ ನಿಂಬೆ ಅವರ ಕೈಗೆ ಸರಿಹೋಗುವ ಅಳತೆ. ಅದೇ ಊರಿನವರು, ದಿನಾ ತೋಟದ ಮುಂದೆ ಓಡಾಡುವವರು. ಹಿಂಜರಿಕೆ ಇರುವುದು ಔಷಧಿ ಮತ್ತು ಕೊಂಬೆ ಕೆಲಸದಲ್ಲಿ. ಅದಕ್ಕೆ ಮಂಡ್ಯದ ವಿ.ಸಿ. ಫಾರಂನ ಕೃಷಿ ವಿಜ್ಞಾನ ಕೇಂದ್ರದಲ್ಲಿ ಕೇಳಿ ನಾಲ್ಕು ಜನರಿಗೆ ತರಬೇತಿ ಕೊಡಿಸಿ, ಒಳ್ಳೆ ಸ್ಪ್ರೇಯರ್, ಕೈಗವಸು, ಮುಖಗವಸು ಪಂಚಾಯಿತಿಯೇ ಕೊಡಲಿ. ನನ್ನನ್ನು ಕೇಳಿದರೆ ನಾನು ಇದನ್ನೇ ಆರಿಸುತ್ತಿದ್ದೆ. ಆದರೆ ತಪಾಸಣೆಯ ಚೀಟಿ ಅವರಿಗೂ ಒಂದೇ. ನಮ್ಮೂರ ಹೆಣ್ಣುಮಕ್ಕಳು ಅಂತ ಅಲ್ಲಿ ರಿಯಾಯಿತಿ ಬೇಡ.

ಹಣ್ಣಿನ ಹರಾಜಿಗೂ ಎರಡು ಷರತ್ತು ಸೇರಿಸಿ. ಕೋಲಿನಲ್ಲಿ ಬಡಿದು ಹಣ್ಣು ಉದುರಿಸಬಾರದು, ದೋಟಿಯಲ್ಲಿ ಕೊಯ್ಯಬೇಕು. ಕೊಂಬೆ ಮುರಿದರೆ ಠೇವಣಿಯಿಂದ ಮುರಿತ. ಹರಾಜನ್ನು ವರ್ಷಕ್ಕೊಂದು ಅಂತ ಇಡುವುದಕ್ಕಿಂತ ಕಾಲ ನೋಡಿ ಒಡೆಯುವುದು ವಾಸಿ. ಮಳೆಗಾಲದ ಹಣ್ಣಿಗೂ ಬೇಸಿಗೆಯ ಹಣ್ಣಿಗೂ ರೇಟಿನಲ್ಲಿ ಅಜಗಜಾಂತರ. ಆಷಾಢದ ಶುಕ್ರವಾರಗಳು, ದಸರಾ, ಆಯುಧಪೂಜೆ ಬಂದರೆ ಮೈಸೂರಿನ ದೇವರಾಜ ಮಾರ್ಕೆಟ್‌ನಲ್ಲಿ ಸಣ್ಣ ಹಣ್ಣೂ ಖರ್ಚಾಗುತ್ತದೆ. ಪ್ರತಿ ಗಾಡಿಯ ಚಕ್ರದ ಕೆಳಗೂ ಒಂದೊಂದು ಇಡಬೇಕಲ್ಲ. ನೀರು ನಿಲ್ಲಿಸಿ ಮರವನ್ನು ಬಾಡಿಸಿ ಬೇಸಿಗೆ ಹಣ್ಣು ಬರಿಸುವ ಉಪಾಯವನ್ನು ಯಾರಾದರೂ ಹೇಳಿದರೆ ಹುಷಾರು. ಒಣ ಸೀಮೆಯಲ್ಲಿ ಅದು ನಡೆಯುತ್ತದೆ. ನಮ್ಮಲ್ಲಿ ನೀರು ನಿಲ್ಲಿಸಬೇಕಾದ ಹೊತ್ತಿಗೇ ಹಸ್ತ, ಚಿತ್ತೆ ಮಳೆ ಸುರಿಯುತ್ತದೆ. ಈ ತೋಟದ ವರಮಾನದಲ್ಲಿ ಚರಂಡಿ ಕಟ್ಟಿಸುತ್ತೇವೆ ಅನ್ನುವ ಆಸೆಯನ್ನೂ ಇಟ್ಟುಕೊಳ್ಳಬೇಡಿ. ಆರೈಕೆಯ ಖರ್ಚು ಗಿಟ್ಟಿದರೆ ಗೆದ್ದ ಹಾಗೆ.

ಖಾಲಿ ಬಿದ್ದ 40 ಗುಂಡಿಗಳ ವಿಚಾರ ಉಳಿಯಿತು. ಅದನ್ನು ಆರೈಕೆ ಗುತ್ತಿಗೆಗೆ ಸೇರಿಸಬೇಡಿ. ಸೇರಿಸಿದರೆ ಎಲ್ಲೋ ಸಿಕ್ಕ ಅಗ್ಗದ ಸಸಿ ತಂದು ನೆಟ್ಟು ಎಣಿಕೆ ತೋರಿಸುತ್ತಾರೆ. ಸಸಿಯನ್ನು ಪಂಚಾಯಿತಿಯೇ ತೋಟಗಾರಿಕೆ ಇಲಾಖೆಯ ನರ್ಸರಿಯಿಂದ ಕೊಳ್ಳಲಿ. ಕಜ್ಜಿ ತಡೆದುಕೊಳ್ಳುವ ಬಾಲಾಜಿ ತಳಿ ಸಿಕ್ಕರೆ ಅದನ್ನೇ ಕೇಳಿ. ತಗ್ಗಿನ ಗುಂಡಿಗಳಲ್ಲಿ ಬಸಿಗಾಲುವೆ ಆಗುವವರೆಗೆ ಏನನ್ನೂ ನೆಡಬೇಡಿ. ಉಳಿದ ಗುಂಡಿಗಳನ್ನು ಏಪ್ರಿಲ್‌ನಲ್ಲೇ ತೆಗೆಸಿ, ಬಿಸಿಲು ಕಾಯಲು ಬಿಟ್ಟು, ಮುಂಗಾರು ಹಿಡಿದ ಮೇಲೆ ನೆಡಿಸಿ. ನೆಟ್ಟ ಹೊಸ ಗಿಡಗಳನ್ನು ನಕ್ಷೆಯಲ್ಲಿ ಬೇರೆ ಬಣ್ಣದಲ್ಲಿ ಗುರುತಿಸಿ, ಮೊದಲ ಎರಡು ವರ್ಷ ಅವುಗಳಿಗೆ ಬೇರೆ ದರ ಕಟ್ಟಿ. ಎಳೇ ಗಿಡಕ್ಕೆ ನೀರಿನ ಕೆಲಸ ಜಾಸ್ತಿ, ಕೊಂಬೆ ಕೆಲಸ ಇರುವುದೇ ಇಲ್ಲ.